ಕಬ್ಬಿಣದ ಟಾನಿಕ್ ಹಂಚುವ ಮುನ್ನ ಹೆಪಟೈಟಿಸ್ ಪರೀಕ್ಷೆ ಮಾಡಿಸಿ: ಮುಂಬೈ, ಪುಣೆ, ಗೋವಾದ ಕನ್ನಡ ಸಂಘಗಳಿಗೆ ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರಿಗೆ, ಪದಾಧಿಕಾರಿಗಳಿಗೆ, ಮಹಿಳಾ ವಿಭಾಗ ಮತ್ತು ಯುವ ವಿಭಾಗದ ಕಾರ್ಯಕರ್ತರಿಗೆ,

ನಮಸ್ಕಾರ.

ಡೊಂಬಿವಲಿಯಿಂದ ಸಾಂತಾಕ್ರೂಝ್‌ವರೆಗೆ, ಪಿಂಪರಿ-ಚಿಂಚವಾಡದಿಂದ ವಾಸ್ಕೋವರೆಗೆ ನೀವು ನಡೆಸುವ ಉಚಿತ ವೈದ್ಯಕೀಯ ಶಿಬಿರಗಳಿಗೆ ಬರುವವರಲ್ಲಿ, ವರ್ಷವಿಡೀ ಇನ್ನೆಲ್ಲೂ ಡಾಕ್ಟರ ಬಳಿ ಹೋಗದವರೇ ಬಹಳ. ಹೋಟೆಲಿನ ಅಡುಗೆಮನೆಯಲ್ಲಿ ದುಡಿಯುವವರು, ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು, ಮನೆಗೆಲಸದ ಹೆಂಗಸರು. ಆ ಒಂದು ಭಾನುವಾರ ಬೆರಳಿಗೆ ಚುಚ್ಚಿ ತೆಗೆದ ಹನಿ ರಕ್ತವೇ ಅವರ ಪಾಲಿನ ತಪಾಸಣೆ. ಹಾಗಾಗಿ ಆ ಹನಿಯಿಂದ ಏನನ್ನು ನೋಡುತ್ತೇವೆ, ನೋಡಿದ ಮೇಲೆ ಕೈಗೆ ಏನು ಕೊಟ್ಟು ಕಳಿಸುತ್ತೇವೆ ಎಂಬುದು ದೊಡ್ಡ ಜವಾಬ್ದಾರಿ. ನಾವು ಯಕೃತ್ತಿನ ಕಾಯಿಲೆ, ರಕ್ತ ಪರೀಕ್ಷೆ ಮತ್ತು ರಕ್ತನಿಧಿಯ ಕೆಲಸದಲ್ಲಿರುವ ಕನ್ನಡಿಗರು. ಶಿಬಿರಗಳಲ್ಲಿ ಬೇರೂರಿರುವ ಎರಡು ರೂಢಿಗಳನ್ನು ಬದಲಿಸಬೇಕೆಂದು ಕೇಳಿಕೊಳ್ಳಲು ಇದನ್ನು ಬರೆಯುತ್ತಿದ್ದೇವೆ.

ಮೊದಲನೆಯದು ಹಳೆಯದು. ಹಿಮೋಗ್ಲೋಬಿನ್ 11 ಬಂತೆಂದರೆ 'ರಕ್ತ ಕಡಿಮೆ ಇದೆ' ಎಂದು ಹೇಳಿ, ಗಂಡಸಾಗಲಿ ಹೆಂಗಸಾಗಲಿ, ಒಂದು ಬಾಟಲಿ ಕಬ್ಬಿಣದ ಟಾನಿಕ್ ಕೊಟ್ಟು ಕಳಿಸುವುದು. ಎರಡನೆಯದು ಈಚಿನದು. ರಿಯಾಯಿತಿ ದರದ 'ಫುಲ್ ಬಾಡಿ ಚೆಕಪ್' ವರದಿಯಲ್ಲಿ ಕಬ್ಬಿಣ ಕೂಡಿಡುವ ಪ್ರೋಟೀನಾದ ಫೆರಿಟಿನ್ ಮುಂದೆ ದಪ್ಪಕ್ಷರದಲ್ಲಿ 'ಎಚ್' (ಹೆಚ್ಚು) ಎಂದು ಬಂದರೆ 'ಮೈಯಲ್ಲಿ ಕಬ್ಬಿಣ ಜಾಸ್ತಿಯಾಗಿದೆ, ಸೊಪ್ಪು ಬಿಡಿ, ರಕ್ತದಾನ ಮಾಡಿ' ಎಂದು ಹೇಳಿಬಿಡುವುದು. ಒಂದರಲ್ಲಿ ಕಬ್ಬಿಣ ಕೊಡುತ್ತೇವೆ, ಇನ್ನೊಂದರಲ್ಲಿ ಕಸಿಯುತ್ತೇವೆ. ಎರಡರಲ್ಲೂ ಯಕೃತ್ತಿಗೆ (ಲಿವರಿಗೆ) ತಗಲುವ ವೈರಸ್ ಸೋಂಕುಗಳಾದ ಹೆಪಟೈಟಿಸ್ ಬಿ ಮತ್ತು ಸಿ ಇದೆಯೇ ಎಂದು ಯಾರೂ ನೋಡುವುದಿಲ್ಲ. ದೇಹದ ಕಬ್ಬಿಣದ ಲೆಕ್ಕವನ್ನು ಇಡುವುದು ಯಕೃತ್ತು. ಆ ಯಕೃತ್ತಿನಲ್ಲೇ ವೈರಸ್ ಕೂತಿದ್ದರೆ ಹಿಮೋಗ್ಲೋಬಿನ್ ಅಂಕಿಯೊಂದನ್ನೋ ಫೆರಿಟಿನ್ ಅಂಕಿಯೊಂದನ್ನೋ ನಂಬಿ ನಿರ್ಧಾರ ಮಾಡಲು ಬರುವುದಿಲ್ಲ.

ಯಾಕೆ ಎಂದು ತಿಳಿಯಲು ಕಬ್ಬಿಣದ ಓಡಾಟವನ್ನು ಸ್ವಲ್ಪ ನೋಡಬೇಕು. ವಯಸ್ಕರ ದೇಹದಲ್ಲಿರುವ ಒಟ್ಟು ಕಬ್ಬಿಣ 3ರಿಂದ 4 ಗ್ರಾಂ. ಅದರ ಮೂರನೇ ಎರಡು ಪಾಲಿನಷ್ಟು ಕೆಂಪು ರಕ್ತಕಣಗಳ ಹಿಮೋಗ್ಲೋಬಿನ್‌ನಲ್ಲೇ ಇರುತ್ತದೆ. ಊಟದಿಂದ ದಿನಕ್ಕೆ ಒಳಗೆ ಸೇರುವುದು ಬರೀ 1ರಿಂದ 2 ಮಿಲಿಗ್ರಾಂ. ಆದರೆ ಹೊಸ ರಕ್ತಕಣ ಮಾಡಲು ದಿನಕ್ಕೆ 20ರಿಂದ 25 ಮಿಲಿಗ್ರಾಂ ಬೇಕು. ಆಯುಸ್ಸು ಮುಗಿದ ರಕ್ತಕಣಗಳನ್ನು ಗುಲ್ಮ (ಸ್ಪ್ಲೀನ್) ಮತ್ತು ಯಕೃತ್ತಿನ ಮ್ಯಾಕ್ರೋಫೇಜ್ ಕೋಶಗಳು ಒಡೆದು, ಅದರಲ್ಲಿದ್ದ ಕಬ್ಬಿಣವನ್ನು ಮತ್ತೆ ರಕ್ತಕ್ಕೆ ಬಿಟ್ಟು ಈ ಅಗತ್ಯವನ್ನು ಪೂರೈಸುತ್ತವೆ. ಇಲ್ಲಿ ಮುಖ್ಯ ಸಂಗತಿ ಒಂದಿದೆ. ಹೆಚ್ಚಾದ ಉಪ್ಪು ಮೂತ್ರದಲ್ಲಿ ಹೋಗುವ ಹಾಗೆ ಹೆಚ್ಚಾದ ಕಬ್ಬಿಣವನ್ನು ಹೊರಹಾಕುವ ವ್ಯವಸ್ಥೆ ದೇಹಕ್ಕಿಲ್ಲ. ರಕ್ತಸ್ರಾವವಾದರೆ ಹೋಗುತ್ತದೆ, ಕರುಳಿನ ಹಳೆಯ ಕೋಶಗಳು ಉದುರುವಾಗ ತುಸು ಹೋಗುತ್ತದೆ, ಅಷ್ಟೆ. ಆದ್ದರಿಂದ ನಿಯಂತ್ರಣವೆಲ್ಲ ಒಳಗೆ ಬಿಡುವ ಹಂತದಲ್ಲೇ ನಡೆಯಬೇಕು.

ಆ ಬಾಗಿಲಿನ ಹೆಸರು ಫೆರೋಪೋರ್ಟಿನ್. ಸಣ್ಣಕರುಳಿನ ಮೊದಲ ಭಾಗದ ಕೋಶಗಳ ಮೇಲೆ, ಮ್ಯಾಕ್ರೋಫೇಜ್‌ಗಳ ಮೇಲೆ, ಯಕೃತ್ತಿನ ಕೋಶಗಳ ಮೇಲೆ ಈ ಪ್ರೋಟೀನ್ ಇರುತ್ತದೆ. ಕೋಶದೊಳಗಿನ ಕಬ್ಬಿಣ ರಕ್ತಕ್ಕೆ ಬರಬೇಕಾದರೆ ಇದೊಂದೇ ದಾರಿ. ಬಾಗಿಲನ್ನು ಮುಚ್ಚಿಸುವುದು ಹೆಪ್ಸಿಡಿನ್, 25 ಅಮೈನೋ ಆಮ್ಲಗಳ ಪುಟ್ಟ ಹಾರ್ಮೋನು. ಅದನ್ನು ತಯಾರಿಸುವುದು ಹೆಚ್ಚಾಗಿ ಯಕೃತ್ತಿನ ಕೋಶಗಳೇ. ಹೆಪ್ಸಿಡಿನ್ ಬಂದು ಫೆರೋಪೋರ್ಟಿನ್‌ಗೆ ಅಂಟಿಕೊಂಡರೆ ಕೋಶ ಆ ಬಾಗಿಲನ್ನೇ ಒಳಕ್ಕೆಳೆದುಕೊಂಡು ನಾಶಮಾಡುತ್ತದೆ. ಕಬ್ಬಿಣ ಸಾಕಷ್ಟಿದ್ದಾಗ ಹೆಪ್ಸಿಡಿನ್ ಏರುತ್ತದೆ, ಬಾಗಿಲು ಮುಚ್ಚುತ್ತದೆ. ರಕ್ತ ಕಡಿಮೆಯಾದಾಗ ಇಳಿಯುತ್ತದೆ, ಬಾಗಿಲು ತೆರೆಯುತ್ತದೆ. ಸೋಂಕು, ಉರಿಯೂತ ಇದ್ದಾಗಲೂ ಇಂಟರ್‌ಲ್ಯೂಕಿನ್-6 ಎಂಬ ಸಂಕೇತದಿಂದ ಹೆಪ್ಸಿಡಿನ್ ಏರುತ್ತದೆ. ರೋಗಾಣುಗಳಿಗೆ ಕಬ್ಬಿಣ ಸಿಗದಿರಲಿ ಎಂದು ದೇಹ ಮಾಡಿಕೊಂಡ ಏರ್ಪಾಡು ಇದು.

ಈಗ ಹೆಪಟೈಟಿಸ್ ಸಿ ವೈರಸ್ಸಿಗೆ ಬರೋಣ. ಇದು ವಾಸಿಸುವುದು, ಸಂಖ್ಯೆ ಬೆಳೆಸಿಕೊಳ್ಳುವುದು ಹೆಪ್ಸಿಡಿನ್ ತಯಾರಿಸುವ ಅದೇ ಯಕೃತ್ ಕೋಶದಲ್ಲಿ. ವೈರಸ್ಸಿನಿಂದ ಕೋಶದೊಳಗೆ ಉತ್ಕರ್ಷಣದ (ಆಕ್ಸಿಡೇಶನ್) ಒತ್ತಡ ಹೆಚ್ಚುತ್ತದೆ. ಆ ಒತ್ತಡದಲ್ಲಿ ಹೆಪ್ಸಿಡಿನ್ ಜೀನನ್ನು ಚಾಲೂ ಇಡುವ ಪ್ರೋಟೀನ್ ತನ್ನ ಜಾಗದಲ್ಲಿ ಸರಿಯಾಗಿ ಕೂರುವುದಿಲ್ಲ. ಉರಿಯೂತ ಹೆಪ್ಸಿಡಿನ್ ಏರಿಸಲು ನೋಡುತ್ತದೆ, ವೈರಸ್ ಇಳಿಸುತ್ತದೆ. ದೀರ್ಘಕಾಲದ ಸೋಂಕಿನಲ್ಲಿ ಸಾಮಾನ್ಯವಾಗಿ ಗೆಲ್ಲುವುದು ವೈರಸ್. ಅಂಥವರ ದೇಹದಲ್ಲಿ ಶೇಖರವಾದ ಕಬ್ಬಿಣಕ್ಕೆ ಹೋಲಿಸಿದರೆ ಹೆಪ್ಸಿಡಿನ್ ಇರಬೇಕಾದುದಕ್ಕಿಂತ ಕಡಿಮೆ ಇರುತ್ತದೆ. ಬಾಗಿಲು ತೆರೆದೇ ಉಳಿಯುತ್ತದೆ. ಕರುಳಿನಿಂದ ಪ್ರತಿದಿನ ಬೇಕಾದುದಕ್ಕಿಂತ ತುಸು ಹೆಚ್ಚು ಕಬ್ಬಿಣ ಸೇರುತ್ತದೆ, ವರ್ಷಗಟ್ಟಲೆ ಸೇರುತ್ತಲೇ ಇರುತ್ತದೆ, ಯಕೃತ್ತಿನಲ್ಲೇ ಹೋಗಿ ಕೂರುತ್ತದೆ. ಕಬ್ಬಿಣ ಹೊತ್ತ ಟ್ರಾನ್ಸ್‌ಫೆರಿನ್ ಪ್ರೋಟೀನನ್ನು ಬರಮಾಡಿಕೊಳ್ಳುವ ಗ್ರಾಹಕವನ್ನೇ ಈ ವೈರಸ್ ಕೋಶದೊಳಗೆ ನುಗ್ಗಲು ಬಳಸುತ್ತದೆ ಎಂದು 2013ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು. ಕಬ್ಬಿಣಕ್ಕೂ ಈ ವೈರಸ್ಸಿಗೂ ನಂಟು ಅಷ್ಟು ಹತ್ತಿರದ್ದು.

ಮದ್ಯವೂ ಹೆಚ್ಚುಕಡಿಮೆ ಇದೇ ದಾರಿಯಲ್ಲಿ ಹೆಪ್ಸಿಡಿನ್ ಇಳಿಸುತ್ತದೆ. ಹೆಪಟೈಟಿಸ್ ಸಿ ಇರುವವರು ದಿನವೂ ಕುಡಿಯುತ್ತಿದ್ದು, ಮೇಲಿಂದ ಸುಸ್ತಿಗೆಂದು ಕಬ್ಬಿಣದ ಟಾನಿಕ್ಕೂ ಕುಡಿದರೆ ಮೂರೂ ಒಂದೇ ಕಡೆ ಹೋಗಿ ಸೇರುತ್ತವೆ. ದಿನದ ಪಾಳಿ ಮುಗಿಸಿ ಕುಡಿಯುವ ರೂಢಿಯಿರುವ ಕಾರ್ಮಿಕರ ನಡುವೆ ಶಿಬಿರ ಮಾಡುವವರು ಈ ಮಾತನ್ನು ದಯವಿಟ್ಟು ಗಮನಿಸಬೇಕು.

ಕೂತ ಕಬ್ಬಿಣ ಸುಮ್ಮನಿರುವುದಿಲ್ಲ. ಫೆರಿಟಿನ್ ಒಳಗೆ ಭದ್ರವಾಗಿರುವ ತನಕ ತೊಂದರೆ ಕಡಿಮೆ. ಬಿಡಿಯಾಗಿ ಸಿಕ್ಕ ಕಬ್ಬಿಣ ಕೋಶದೊಳಗಿನ ಹೈಡ್ರೋಜನ್ ಪೆರಾಕ್ಸೈಡ್ ಜತೆ ಸೇರಿ ಹೈಡ್ರಾಕ್ಸಿಲ್ ರಾಡಿಕಲ್‌ಗಳನ್ನು ಹುಟ್ಟಿಸುತ್ತದೆ. ಇವು ಕೋಶದ ಪೊರೆಯನ್ನು, ಮೈಟೋಕಾಂಡ್ರಿಯಾವನ್ನು, ಡಿಎನ್‌ಎಯನ್ನು ಕೆಡಿಸುತ್ತವೆ. ಪೆಟ್ಟುತಿಂದ ಕೋಶಗಳ ಪಕ್ಕದ ಸ್ಟೆಲ್ಲೇಟ್ ಕೋಶಗಳು ಎಚ್ಚೆತ್ತು ಕೊಲಾಜೆನ್ ನಾರು ನೇಯತೊಡಗುತ್ತವೆ. ಹೀಗೆ ಯಕೃತ್ತು ಗಟ್ಟಿಯಾಗುತ್ತಾ ಸಿರೋಸಿಸ್ಸಿಗೆ ಹೋಗುತ್ತದೆ, ಯಕೃತ್ತಿನ ಕ್ಯಾನ್ಸರಿನ ಅಪಾಯ ಏರುತ್ತದೆ. ವೈರಸ್ಸನ್ನು ನೇರವಾಗಿ ಹೊಡೆಯುವ ಈಗಿನ ಮಾತ್ರೆಗಳು ಬರುವ ಮುಂಚೆ ಜಪಾನಿನ ವೈದ್ಯರು ಹೆಪಟೈಟಿಸ್ ಸಿ ರೋಗಿಗಳಿಗೆ ನಿಯಮಿತವಾಗಿ ರಕ್ತ ತೆಗೆದು ಕಬ್ಬಿಣ ಇಳಿಸುತ್ತಿದ್ದರು, ಯಕೃತ್ತಿನ ಎಂಜೈಮುಗಳೂ ಇಳಿಯುತ್ತಿದ್ದವು. ಈಗ ಆ ಅಗತ್ಯ ಬಹುಮಟ್ಟಿಗೆ ಇಲ್ಲ. ವೈರಸ್ ಹೋದರೆ ಹೆಪ್ಸಿಡಿನ್ ಮತ್ತೆ ಏರುತ್ತದೆ, ಫೆರಿಟಿನ್ ಕ್ರಮೇಣ ಇಳಿಯುತ್ತದೆ.

ಹೆಪಟೈಟಿಸ್ ಬಿ ಇಷ್ಟು ಏಕಮುಖಿಯಲ್ಲ. ಇದರಲ್ಲೂ ಫೆರಿಟಿನ್ ಏರಿರಬಹುದು. ಆದರೆ ಹೆಚ್ಚಿನ ಪಾಲು ಅದು ಯಕೃತ್ ಕೋಶಗಳು ಒಡೆದು ಒಳಗಿದ್ದ ಫೆರಿಟಿನ್ ಸೋರಿದ್ದರಿಂದ, ಉರಿಯೂತದಿಂದ. ಕಬ್ಬಿಣ ನಿಜಕ್ಕೂ ಶೇಖರವಾಗಿದೆ ಎಂದು ಅದರಿಂದಷ್ಟೇ ಹೇಳಲಾಗದು. ಬಿ ಆಗಲಿ ಸಿ ಆಗಲಿ ಮುಂದುವರಿದು ಸಿರೋಸಿಸ್ ಆದರೆ ಹೆಪ್ಸಿಡಿನ್ ತಯಾರಿಸುವ ಆರೋಗ್ಯವಂತ ಕೋಶಗಳೇ ಕಡಿಮೆಯಾಗಿ ಬಾಗಿಲಿನ ಕಾವಲು ಇನ್ನಷ್ಟು ಸಡಿಲವಾಗುತ್ತದೆ. ನೀರು, ಆಹಾರದಿಂದ ಬರುವ ಎ ಮತ್ತು ಇ ಬೇರೆ ಜಾತಿ. ಮುಂಬೈ ಮಳೆಗಾಲದಲ್ಲಿ ಇವುಗಳ ಕಾಮಾಲೆ ಮಾಮೂಲು. ಆ ತೀವ್ರ ಹಂತದಲ್ಲಿ ಒಂದೇ ಸಲಕ್ಕೆ ಕೋಶಗಳು ಒಡೆದು ಫೆರಿಟಿನ್ ಸಾವಿರಗಳಿಗೆ ಹೋಗಬಹುದು. ಕಾಮಾಲೆ ಇಳಿದ ಮೇಲೆ ತಾನಾಗಿಯೇ ಇಳಿಯುತ್ತದೆ. ಕಣ್ಣು ಹಳದಿಯಿರುವಾಗ ಮಾಡಿದ ಕಬ್ಬಿಣದ ಪರೀಕ್ಷೆಯಿಂದ ಯಾವ ನಿರ್ಧಾರಕ್ಕೂ ಬರಬೇಡಿ. ಗರ್ಭಿಣಿಗೆ, ಅದರಲ್ಲೂ ಕೊನೆಯ ಮೂರು ತಿಂಗಳಲ್ಲಿ, ಕಾಮಾಲೆ ಕಂಡರೆ ಶಿಬಿರದಿಂದಲೇ ನೇರ ಆಸ್ಪತ್ರೆಗೆ ಕಳಿಸಿ. ಹೆಪಟೈಟಿಸ್ ಇ ಆ ಹೊತ್ತಿನಲ್ಲಿ ಜೀವ ತೆಗೆಯಬಲ್ಲದು.

ಇನ್ನು ವರದಿ ಓದುವ ಬಗೆ. ಫೆರಿಟಿನ್‌ನ ಮೇಲ್ಮಿತಿ ಗಂಡಸರಿಗೆ ಸುಮಾರು 300, ಹೆಂಗಸರಿಗೆ 200 ನ್ಯಾನೋಗ್ರಾಂ ಪ್ರತಿ ಮಿಲಿಲೀಟರಿಗೆ. ಲ್ಯಾಬಿನಿಂದ ಲ್ಯಾಬಿಗೆ ತುಸು ಬದಲಾಗುತ್ತದೆ. ಅದು ದಾಟಿದರೆ ವೈರಸ್ ಇರಬಹುದು, ಯಕೃತ್ತಿನ ಕೊಬ್ಬು ಇರಬಹುದು, ಸಕ್ಕರೆ ಕಾಯಿಲೆ, ಮದ್ಯ, ಬರೀ ಜ್ವರವೂ ಇರಬಹುದು. ಜತೆಯಲ್ಲಿ ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್, ಅಂದರೆ ಕಬ್ಬಿಣ ಹೊರುವ ಆ ಪ್ರೋಟೀನಿನ ಎಷ್ಟು ಪಾಲು ತುಂಬಿದೆ ಎಂಬುದನ್ನು, ನೋಡಬೇಕು. ಸೀರಂ ಐರನ್ (ರಕ್ತದಲ್ಲಿ ಓಡಾಡುವ ಕಬ್ಬಿಣ) ಅಂಕಿಯನ್ನು ಟಿಐಬಿಸಿ (ರಕ್ತ ಹೊರಬಲ್ಲ ಒಟ್ಟು ಕಬ್ಬಿಣ) ಅಂಕಿಯಿಂದ ಭಾಗಿಸಿ ನೂರರಿಂದ ಗುಣಿಸಿದರೆ ಸಿಗುತ್ತದೆ. ಐರನ್ 160, ಟಿಐಬಿಸಿ 320 ಇದ್ದರೆ ಶೇ. 50. ಶೇ. 45 ದಾಟಿದರೆ ಕಬ್ಬಿಣದ ಹೊರೆಯ ಸಂಶಯ ಪಡಬೇಕು. ಐರನ್ 30, ಟಿಐಬಿಸಿ 450 ಇದ್ದರೆ ಶೇ. 7ಕ್ಕೂ ಕಡಿಮೆ, ಅದು ಸ್ಪಷ್ಟ ಕೊರತೆ. ಆದರೆ ಇಲ್ಲೂ ಒಂದು ತೊಡಕಿದೆ, ಇದನ್ನು ಅನುಭವಿ ವೈದ್ಯರೂ ಮರೆಯುವುದುಂಟು. ಟ್ರಾನ್ಸ್‌ಫೆರಿನ್ ತಯಾರಾಗುವುದೂ ಯಕೃತ್ತಿನಲ್ಲೇ. ಸಿರೋಸಿಸ್ ಇದ್ದವರಲ್ಲಿ ಅದು ಕುಸಿದು ಟಿಐಬಿಸಿ 160ಕ್ಕೆ ಇಳಿದಿರಬಹುದು. ಆಗ ಐರನ್ ಬರೀ 90 ಇದ್ದರೂ ಲೆಕ್ಕ ಶೇ. 56 ತೋರಿಸುತ್ತದೆ. ಕಬ್ಬಿಣ ಏರಿದ್ದರಿಂದ ಬಂದ ಅಂಕಿಯಲ್ಲ ಅದು, ಅದನ್ನು ಹೊರುವ ಪ್ರೋಟೀನ್ ಇಲ್ಲದ್ದರಿಂದ ಬಂದದ್ದು. ಯಕೃತ್ತೇ ತಯಾರಿಸುವ ಅಲ್ಬುಮಿನ್ ಪ್ರೋಟೀನ್ ಕಡಿಮೆಯಿದ್ದು ಸ್ಯಾಚುರೇಶನ್ ಹೆಚ್ಚಿದ್ದರೆ ಈ ಸಾಧ್ಯತೆ ನೆನಪಿರಲಿ. ಸೀರಂ ಐರನ್ ಗಂಟೆಗಂಟೆಗೂ ಏರಿಳಿಯುವುದರಿಂದ ರಕ್ತವನ್ನು ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಕೊಡಬೇಕು. ಕಬ್ಬಿಣದ ಮಾತ್ರೆ ನುಂಗುತ್ತಿದ್ದರೆ ಹಿಂದಿನ ದಿನದಿಂದಲೇ ನಿಲ್ಲಿಸಿರಬೇಕು. ಮಧ್ಯಾಹ್ನ ಊಟದ ನಂತರ ನಡೆಯುವ ಶಿಬಿರದಲ್ಲಿ ಈ ಪರೀಕ್ಷೆ ಮಾಡಿಸಿ ಪ್ರಯೋಜನವಿಲ್ಲ.

ಫೆರಿಟಿನ್ ಹೆಚ್ಚು ಬಂದಾಗ ಹೀಮೋಕ್ರೊಮಾಟೋಸಿಸ್ ಎಂಬ, ಮೈಯಲ್ಲಿ ಕಬ್ಬಿಣ ತುಂಬುವ ಅನುವಂಶಿಕ ರೋಗಕ್ಕೆಂದು ದುಬಾರಿ ಜೀನ್ ಪರೀಕ್ಷೆ ಬರೆಸಿಕೊಂಡು ಬರುವವರಿದ್ದಾರೆ. ಯುರೋಪಿನವರಲ್ಲಿ ಆ ರೋಗಕ್ಕೆ ಮುಖ್ಯ ಕಾರಣವಾದ ಜೀನ್ ಬದಲಾವಣೆ ನಮ್ಮ ದೇಶದವರಲ್ಲಿ ವಿರಳ. ಅದಕ್ಕಿಂತ ಎಷ್ಟೋ ಅಗ್ಗದ ಬಿ, ಸಿ ಪರೀಕ್ಷೆಗಳು ಮೊದಲು ಆಗಲಿ. 'ಕಬ್ಬಿಣ ಜಾಸ್ತಿ, ಹೋಗಿ ರಕ್ತದಾನ ಮಾಡಿ' ಎನ್ನುವ ಸಲಹೆಯಂತೂ ಅಪಾಯಕಾರಿ. ಒಂದು ಚೀಲ ರಕ್ತದ ಜತೆ 200ರಿಂದ 250 ಮಿಲಿಗ್ರಾಂ ಕಬ್ಬಿಣ ಹೋಗುವುದು ನಿಜ. ಆದರೆ ಸೋಂಕು ಇದೆಯೋ ಇಲ್ಲವೋ ತಿಳಿಯದವರ ರಕ್ತ ಇನ್ನೊಬ್ಬರ ಮೈಗೆ ಹೋಗಬಾರದು. ರಕ್ತನಿಧಿಯಲ್ಲಿ ಪರೀಕ್ಷೆ ಕಡ್ಡಾಯವೇ. ಆದರೂ ಸೋಂಕಿನ ಮೊದಲ ದಿನಗಳಲ್ಲಿ ಪರೀಕ್ಷೆಗೆ ಸಿಗದ ಅವಧಿಯೊಂದು ಇದ್ದೇ ಇರುತ್ತದೆ. ಥಲಸೇಮಿಯಾ ಎಂಬ ಅನುವಂಶಿಕ ರಕ್ತದ ಕಾಯಿಲೆಯ ಮಕ್ಕಳು ತಿಂಗಳಿಗೊಮ್ಮೆಯಾದರೂ ರಕ್ತ ಪಡೆಯುವವರು. ಅವರಿಗೆ ರಕ್ತದ ಕಬ್ಬಿಣವೇ ಹೊರೆ, ಜತೆಗೆ ವೈರಸ್ಸೂ ಬಂದರೆ ಯಕೃತ್ತಿಗೆ ಎರಡು ಕಡೆಯಿಂದ ಏಟು.

ಇಷ್ಟೆಲ್ಲ ಓದಿ ಕಬ್ಬಿಣವೇ ಕೆಟ್ಟದ್ದು ಎಂದು ಯಾರೂ ತಿಳಿಯಬಾರದು. ನಮ್ಮ ಹೆಣ್ಣುಮಕ್ಕಳ ಕಬ್ಬಿಣದ ಕೊರತೆ ನಿಜವಾದದ್ದು, ವ್ಯಾಪಕವಾದದ್ದು. ಗರ್ಭಿಣಿಯರಿಗೆ ಸರಕಾರ ಕೊಡುವ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲದ ಕೆಂಪು ಮಾತ್ರೆ ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ನಡೆಯಲೇಬೇಕು. ಹದಿಹರೆಯದವರಿಗೆ ವಾರಕ್ಕೊಂದು ಕೊಡುವ ನೀಲಿ ಮಾತ್ರೆಯೂ ಅಷ್ಟೆ. ಹೆಪಟೈಟಿಸ್ ಬಿ ಇದೆ ಎಂದು ಗರ್ಭಿಣಿ ತನ್ನ ಕೆಂಪು ಮಾತ್ರೆಯನ್ನು ತಾನಾಗಿ ನಿಲ್ಲಿಸಬಾರದು. ಅವಳಿಗೆ ಬೇಕಾದ್ದು ಬೇರೆ: ವೈರಸ್ ಪ್ರಮಾಣ ಅಳೆಸುವುದು, ಅದು ಹೆಚ್ಚಿದ್ದರೆ ಕೊನೆಯ ಮೂರು ತಿಂಗಳಲ್ಲಿ ವೈರಸ್ ತಡೆಯುವ ಟೆನೊಫೊವಿರ್ ಮಾತ್ರೆ, ಮಗು ಹುಟ್ಟಿದ 24 ಗಂಟೆಯೊಳಗೆ ಲಸಿಕೆಯ ಮೊದಲ ಡೋಸು, ಜತೆಗೆ ಸಾಧ್ಯವಾದಷ್ಟು ಬೇಗ, 12 ಗಂಟೆಯೊಳಗೆ, ಇಮ್ಯುನೊಗ್ಲೋಬ್ಯುಲಿನ್ (ಸಿದ್ಧ ಪ್ರತಿಕಾಯಗಳ, ಅಂದರೆ ಆಂಟಿಬಾಡಿಗಳ ಚುಚ್ಚುಮದ್ದು).

ಕೊರತೆಯನ್ನು ಗುರುತಿಸುವಾಗಲೂ ಹೆಪಟೈಟಿಸ್ ಅಡ್ಡ ಬರುತ್ತದೆ. ಆರೋಗ್ಯವಂತರಲ್ಲಿ ಫೆರಿಟಿನ್ 15ಕ್ಕಿಂತ ಕೆಳಗಿದ್ದರೆ ಕೊರತೆ. ಸೋಂಕು, ಉರಿಯೂತ ಇರುವ ವಯಸ್ಕರಲ್ಲಿ 70ರ ಕೆಳಗಿದ್ದರೂ ಕೊರತೆಯೆಂದೇ ಭಾವಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ. ಹಾಗಾಗಿ ಹೆಪಟೈಟಿಸ್ ಇರುವ ಹೆಂಗಸಿನ ಫೆರಿಟಿನ್ 50 ಬಂದರೆ ವರದಿಯಲ್ಲಿ ನಾರ್ಮಲ್ ಎಂದಿದ್ದರೂ ಕಬ್ಬಿಣ ಬೇಕಾಗಿರಬಹುದು. ಸಿರೋಸಿಸ್ ಇರುವವರಿಗೆ ಅನ್ನನಾಳದ ಉಬ್ಬಿದ ರಕ್ತನಾಳಗಳಿಂದ ರಕ್ತ ಸೋರಿ ನಿಜವಾದ ಕೊರತೆಯೂ ಆಗುತ್ತದೆ. ಮಲ ಡಾಂಬರಿನಂತೆ ಕಪ್ಪಗಿದೆಯೇ ಎಂದು ಕೇಳಿ, ಆದರೆ ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ ಎಂಬುದು ನೆನಪಿರಲಿ. ಟಾನಿಕ್ ಕೊಟ್ಟು ಕಳಿಸಿದರೆ ಆ ಎಚ್ಚರಿಕೆಯ ಗುರುತೂ ಮುಚ್ಚಿಹೋಗುತ್ತದೆ. ಅದರಲ್ಲೂ ವಯಸ್ಕ ಗಂಡಸಿನ ಹಿಮೋಗ್ಲೋಬಿನ್ 13ಕ್ಕಿಂತ ಕಡಿಮೆಯಿದ್ದರೆ ಊಟದ ಕೊರತೆ ಎಂದುಕೊಳ್ಳಬೇಡಿ. ಮೂಲವ್ಯಾಧಿ, ನೋವಿನ ಮಾತ್ರೆಯಿಂದಾದ ಹುಣ್ಣು, ಕೊಕ್ಕೆಹುಳು, ಯಕೃತ್ತಿನ ರೋಗ, ಕರುಳಿನ ಕ್ಯಾನ್ಸರ್ ಇವುಗಳಲ್ಲಿ ಯಾವುದೆಂದು ಹುಡುಕಲೇಬೇಕು. ಗಂಡಸರಿಗೆ ಶಿಬಿರದಲ್ಲಿ ಕಬ್ಬಿಣದ ಬಾಟಲಿ ಹಂಚುವುದನ್ನು ಪೂರ್ತಿ ನಿಲ್ಲಿಸಿ. ಇದು ನಮ್ಮ ಮೊದಲ ಕೋರಿಕೆ.

ಎರಡನೆಯದು, ಶಿಬಿರದಲ್ಲಿ ಬಿ ಮತ್ತು ಸಿ ತ್ವರಿತ ಪರೀಕ್ಷೆ ಸೇರಿಸಿ. ಬೆರಳಿನ ಒಂದೆರಡು ಹನಿ ಸಾಕು, ಫಲಿತಾಂಶ 15ರಿಂದ 20 ನಿಮಿಷದಲ್ಲಿ ಬರುತ್ತದೆ. ಕಿಟ್‌ಗಳನ್ನು ಹಿಂದಿನ ರಾತ್ರಿಯೇ ತಂದು ಬಿಸಿಲಿಗೆ ನಿಂತ ಕಾರಿನ ಡಿಕ್ಕಿಯಲ್ಲಿ ಇಡಬೇಡಿ. ಸಾಮಾನ್ಯವಾಗಿ 30 ಡಿಗ್ರಿ ದಾಟಿದರೆ ಕೆಡುತ್ತವೆ. ಪೊಟ್ಟಣವನ್ನು ಪರೀಕ್ಷೆಯ ಕ್ಷಣದಲ್ಲೇ ಒಡೆಯಬೇಕು, ಮುಂಬೈನ ತೇವದ ಗಾಳಿಗೆ ಪಟ್ಟಿ ಬೇಗ ಹಾಳಾಗುತ್ತದೆ. ಕಂಟ್ರೋಲ್ ಗೆರೆ ಮೂಡದಿದ್ದರೆ ಆ ಪರೀಕ್ಷೆ ಅಸಿಂಧು, ಹೊಸ ಪಟ್ಟಿ ತೆಗೆಯಿರಿ. ಟೆಸ್ಟ್ ಗೆರೆ ಎಷ್ಟೇ ಮಸುಕಾಗಿದ್ದರೂ ಪಾಸಿಟಿವ್ ಎಂದೇ ಹಿಡಿಯಬೇಕು. ಕಿಟ್‌ನಲ್ಲಿ ಹೇಳಿದ ಸಮಯ ಮೀರಿದ ಮೇಲೆ ಮೂಡಿದ ಗೆರೆಯನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬಾರದು. ಪ್ರತಿ ಪಟ್ಟಿಯ ಮೇಲೆ ಹನಿ ಹಾಕಿದ ಸಮಯ ಬರೆದಿಟ್ಟರೆ ಈ ಗೊಂದಲವೇ ಬಾರದು.

ಚುಚ್ಚುವ ವಿಷಯದಲ್ಲಿ ಯಾವ ರಾಜಿಯೂ ಬೇಡ. ಸಕ್ಕರೆ ನೋಡಲು ಬೆರಳು ಚುಚ್ಚುವ ಒಂದೇ ಪೆನ್ ಇಟ್ಟುಕೊಂಡು ಸೂಜಿ ಮಾತ್ರ ಬದಲಿಸುತ್ತಾ ಇಡೀ ಸಾಲಿಗೆ ಚುಚ್ಚುವುದು ಇಂದಿಗೂ ಕಾಣುತ್ತದೆ. ಪೆನ್ನಿನ ತುದಿಯ ಮುಚ್ಚಳಕ್ಕೆ ಅಂಟಿದ, ಕಣ್ಣಿಗೆ ಕಾಣದಷ್ಟು ರಕ್ತವೂ ಹೆಪಟೈಟಿಸ್ ಬಿ ಹರಡಲು ಸಾಕು. ಈ ವೈರಸ್ ಒಣಗಿದ ಜಾಗದ ಮೇಲೂ ಕನಿಷ್ಠ 7 ದಿನ ಜೀವಂತವಿರಬಲ್ಲದು. ರೋಗ ಹುಡುಕಲು ಮಾಡಿದ ಶಿಬಿರದಿಂದಲೇ ರೋಗ ಹಂಚಿದ ಹಾಗಾಗಬಾರದು. ಒಮ್ಮೆ ಚುಚ್ಚಿದರೆ ತಾನಾಗಿ ಒಳಸೇರಿ ಮತ್ತೆ ಬಳಸಲಾಗದ ಲ್ಯಾನ್ಸೆಟ್‌ಗಳನ್ನೇ ಕೊಳ್ಳಿ. ಪ್ರತಿ ವ್ಯಕ್ತಿಗೂ ಕೈಗವಸು ಬದಲಾಗಲಿ. ಬಳಸಿದ ಲ್ಯಾನ್ಸೆಟ್ ಚುಚ್ಚಿ ಹೊರಬರದ ಬಿಳಿ ಡಬ್ಬಿಗೆ ಹೋಗಲಿ, ಡಬ್ಬಿ ಆಸ್ಪತ್ರೆಯ ಜೈವಿಕ ತ್ಯಾಜ್ಯದವರಿಗೆ ಹೋಗಲಿ. ಸಭಾಗೃಹದ ಕಸದ ಬುಟ್ಟಿಗೆ ಹೋದರೆ ಮರುದಿನ ಗುಡಿಸುವ ಹೆಂಗಸಿನ ಕೈಗೆ ಚುಚ್ಚುತ್ತದೆ.

ಸಿ ಪರೀಕ್ಷೆ ಪಾಸಿಟಿವ್ ಬಂದರೆ ಈಗಲೂ ವೈರಸ್ ಇದೆ ಎಂದರ್ಥವಲ್ಲ. ಆ ಪಟ್ಟಿ ನೋಡುವುದು ಪ್ರತಿಕಾಯವನ್ನು. ಸೋಂಕು ತಗುಲಿದವರಲ್ಲಿ ಸುಮಾರು ನೂರಕ್ಕೆ ಮೂವತ್ತು ಮಂದಿಗೆ ಆರು ತಿಂಗಳೊಳಗೆ ತಾನಾಗಿ ವೈರಸ್ ಹೋಗಿಬಿಡುತ್ತದೆ, ಪ್ರತಿಕಾಯ ಉಳಿಯುತ್ತದೆ. ಹಾಗಾಗಿ ವೈರಸ್ಸನ್ನೇ ನೇರವಾಗಿ ಹುಡುಕುವ ಎಚ್‌ಸಿವಿ ಆರ್‌ಎನ್‌ಎ ಪರೀಕ್ಷೆ ಆಗಲೇಬೇಕು. ಹೆಪಟೈಟಿಸ್ ಬಿ ಪಾಸಿಟಿವ್ ಇದ್ದರೆ ಆರು ತಿಂಗಳ ನಂತರವೂ ಉಳಿದಿದೆಯೇ ನೋಡಬೇಕು, ವೈರಸ್ ಪ್ರಮಾಣ ಅಳೆಯಬೇಕು, ಮನೆಯವರಿಗೆ ಪರೀಕ್ಷೆ ಮಾಡಿಸಿ ಸೋಂಕಿಲ್ಲದವರಿಗೆ ಲಸಿಕೆ ಕೊಡಿಸಬೇಕು. ಯಕೃತ್ತು ಎಷ್ಟು ಗಟ್ಟಿಯಾಗಿದೆ ಎಂಬುದರ ಅಂದಾಜು ಮಾಮೂಲಿ ವರದಿಯಿಂದಲೇ ಸಿಗುತ್ತದೆ. ಎಸ್‌ಜಿಒಟಿ ಎಂಬ ಯಕೃತ್ತಿನ ಎಂಜೈಮಿನ ಅಂಕಿಯನ್ನು ಲ್ಯಾಬಿನ ಮೇಲ್ಮಿತಿಯಿಂದ ಭಾಗಿಸಿ, ನೂರರಿಂದ ಗುಣಿಸಿ, ಸಾವಿರದ ಲೆಕ್ಕದಲ್ಲಿರುವ ಪ್ಲೇಟ್‌ಲೆಟ್ ಸಂಖ್ಯೆಯಿಂದ ಭಾಗಿಸಿ. ಎಸ್‌ಜಿಒಟಿ 80, ಮಿತಿ 40, ಪ್ಲೇಟ್‌ಲೆಟ್ ಒಂದು ಲಕ್ಷ ಇದ್ದರೆ ಉತ್ತರ 2. ಒಂದಕ್ಕಿಂತ ಹೆಚ್ಚು ಬಂದವರನ್ನು ತಡಮಾಡದೆ ತಜ್ಞರ ಬಳಿ ಕಳಿಸಿ.

ಚಿಕಿತ್ಸೆಗೆ ದುಡ್ಡಿಲ್ಲ ಎಂಬ ಭಯ ಬೇಡ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಬಿ, ಸಿ ಎರಡಕ್ಕೂ ಪರೀಕ್ಷೆ, ಔಷಧಿ ಉಚಿತ. ಹತ್ತಿರದ ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಚಿಕಿತ್ಸಾ ಕೇಂದ್ರ ಯಾವ ದಿನ, ಯಾವ ಹೊತ್ತಿಗೆ ತೆರೆದಿರುತ್ತದೆ ಎಂದು ಶಿಬಿರಕ್ಕೆ ಮುಂಚೆ ನೀವೇ ಹೋಗಿ ವಿಚಾರಿಸಿಟ್ಟುಕೊಳ್ಳಿ. ಸಿರೋಸಿಸ್ ಇಲ್ಲದವರಿಗೆ ಸೊಫೊಸ್ಬುವಿರ್ 400 ಮಿಲಿಗ್ರಾಂ, ಡಕ್ಲಾಟಾಸ್ವಿರ್ 60 ಮಿಲಿಗ್ರಾಂ ದಿನಕ್ಕೊಮ್ಮೆ 12 ವಾರ. ಸಿರೋಸಿಸ್ ಇದ್ದರೆ ಮಾತ್ರೆಯ ಜೋಡಿ, ಅವಧಿ ಬದಲಾಗಬಹುದು. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ. ಮಾತ್ರೆ ಮುಗಿದ 12 ವಾರಕ್ಕೆ ಮತ್ತೊಮ್ಮೆ ಆರ್‌ಎನ್‌ಎ ನೋಡಿದ ಮೇಲಷ್ಟೇ ಗುಣವಾಯಿತು ಎನ್ನಬೇಕು. ಕೆಲಸದ ಜಾಗ ಬದಲಾಗಿ, ಊರಿಗೆ ಹೋಗಿ ಈ ಕೊನೆಯ ಪರೀಕ್ಷೆ ತಪ್ಪುವುದೇ ಹೆಚ್ಚು. ಫೆರಿಟಿನನ್ನೂ ಆಗಲೇ ಮತ್ತೆ ನೋಡಿ. ಇಳಿಯದಿದ್ದರೆ ಬೇರೆ ಕಾರಣ ಹುಡುಕಬೇಕು. ಸಿರೋಸಿಸ್ ಆಗಿದ್ದವರು ವೈರಸ್ ಹೋದ ಮೇಲೂ ಆರು ತಿಂಗಳಿಗೊಮ್ಮೆ ಯಕೃತ್ತಿನ ಸೋನೋಗ್ರಫಿ ಬಿಡಬಾರದು.

ಊಟದ ಬಗ್ಗೆ ಅನಗತ್ಯ ಹೆದರಿಕೆ ಹುಟ್ಟಿಸಬೇಡಿ. ರಾಗಿ, ನುಗ್ಗೆಸೊಪ್ಪು, ಬೆಲ್ಲ, ಬೇಳೆಗಳ ಕಬ್ಬಿಣ ಕಷ್ಟದಲ್ಲಿ ಸೇರುವಂಥದ್ದು, ಹೆಪಟೈಟಿಸ್ ಇದ್ದವರು ಇವನ್ನು ಬಿಡಬೇಕಾಗಿಲ್ಲ. ಬಿಡಬೇಕಾದ್ದು ಮದ್ಯ, ಡಾಕ್ಟರು ಹೇಳದೆ ತಾವಾಗಿ ತೆಗೆದುಕೊಳ್ಳುವ ಕಬ್ಬಿಣ, ಕಬ್ಬಿಣ ಸೇರಿದ ಮಲ್ಟಿವಿಟಮಿನ್, ಅದರ ಹೀರಿಕೆ ಹೆಚ್ಚಿಸುವ ವಿಟಮಿನ್ ಸಿ ಮಾತ್ರೆ. ಕಾಮಾಲೆಗೂ ರಕ್ತಹೀನತೆಗೂ ಕೊಡುವ ಲೋಹಭಸ್ಮ, ಮಂಡೂರದ ಔಷಧಿಗಳಲ್ಲಿರುವುದೂ ಕಬ್ಬಿಣವೇ. ಅವನ್ನು ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ಹೇಳಿ.

ಕರಾವಳಿಯವರಿಗೆ ಇನ್ನೊಂದು ಮಾತು. ಬೆಚ್ಚಗಿನ ಸಮುದ್ರ, ಅಳಿವೆಯ ನೀರಿನಲ್ಲಿ ವಿಬ್ರಿಯೊ ವಲ್ನಿಫಿಕಸ್ ಎಂಬ ಬ್ಯಾಕ್ಟೀರಿಯಾ ಇರುತ್ತದೆ. ರಕ್ತದಲ್ಲಿ ಕಬ್ಬಿಣ ಸುಲಭವಾಗಿ ಸಿಕ್ಕರೆ ಅದು ಭಯಂಕರ ವೇಗದಲ್ಲಿ ಬೆಳೆಯುತ್ತದೆ, ಹೆಪ್ಸಿಡಿನ್ ಕಡಿಮೆಯಿರುವವರ ರಕ್ತ ಅದಕ್ಕೆ ಹೇಳಿಮಾಡಿಸಿದ ಜಾಗ. ಸಿರೋಸಿಸ್ ಅಥವಾ ಕಬ್ಬಿಣದ ಹೊರೆ ಇರುವವರು ಅರೆಬೆಂದ ಮರುವಾಯಿ, ಹಸಿ ಸಿಂಪಿ ತಿನ್ನಲೇಬಾರದು. ಚಿಪ್ಪು ತೆರೆದುಕೊಂಡ ಮೇಲೂ ಇನ್ನೈದು ನಿಮಿಷ ಕುದಿಯಲಿ. ಮೀನು ಹೆಚ್ಚುವಾಗ, ಚಿಪ್ಪು ಬಿಡಿಸುವಾಗ ಕೈಗೆ ಗಾಯವಾಗಿ ಕೆಲವೇ ಗಂಟೆಗಳಲ್ಲಿ ಊದಿ ನೀಲಿ ಗುಳ್ಳೆ ಎದ್ದರೆ, ಜ್ವರ ಬಂದರೆ, ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಓಡಬೇಕು.

ಇನ್ನು ಹೋಟೆಲ್ ಮಾಲೀಕರಲ್ಲಿ, ಅವರಲ್ಲಿ ಎಷ್ಟೋ ಮಂದಿ ನಿಮ್ಮ ಸಂಘಗಳ ಆಧಾರಸ್ತಂಭಗಳು, ಕಳಕಳಿಯ ಬಿನ್ನಹ. ಹೆಪಟೈಟಿಸ್ ಬಿ, ಸಿ ಅಡುಗೆಯಿಂದ, ತಟ್ಟೆ ಲೋಟದಿಂದ, ಒಟ್ಟಿಗೆ ಉಣ್ಣುವುದರಿಂದ, ಒಂದೇ ಕೋಣೆಯಲ್ಲಿ ಮಲಗುವುದರಿಂದ ಹರಡುವುದಿಲ್ಲ. ಹರಡುವುದು ರಕ್ತದಿಂದ, ಹಂಚಿಕೊಂಡ ಸೂಜಿ, ರೇಜರ್‌ನಿಂದ, ತಾಯಿಯಿಂದ ಮಗುವಿಗೆ, ಲೈಂಗಿಕ ಸಂಪರ್ಕದಿಂದ. ಪಾಸಿಟಿವ್ ಬಂದನೆಂದು ಅಡಿಗೆಯವನನ್ನೋ ಮಾಣಿಯನ್ನೋ ಕೆಲಸದಿಂದ ತೆಗೆದರೆ ಮುಂದಿನ ಶಿಬಿರಕ್ಕೆ ಒಬ್ಬರೂ ಬೆರಳು ಕೊಡುವುದಿಲ್ಲ. ಕೋಣೆಯಲ್ಲಿ ಒಟ್ಟಿಗಿರುವ ಹುಡುಗರಿಗೆ ಒಂದೊಂದು ರೇಜರ್ ಬೇರೆ ಕೊಡಿಸಿ, ಎಲ್ಲರಿಗೂ ಬಿ ಲಸಿಕೆಯ ಮೂರು ಡೋಸು ಕೊಡಿಸಿ: ಮೊದಲ ದಿನ, ಒಂದು ತಿಂಗಳಿಗೆ, ಆರು ತಿಂಗಳಿಗೆ.

ಫಲಿತಾಂಶವನ್ನು ಮೈಕಿನಲ್ಲಿ ಹೆಸರು ಕರೆದು ಹೇಳಬೇಡಿ, ಪಟ್ಟಿ ಮಾಡಿ ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಪರೀಕ್ಷೆಗೆ ಮುಂಚೆ ಒಪ್ಪಿಗೆ ಕೇಳಿ, ನಂತರ ಒಬ್ಬೊಬ್ಬರನ್ನೇ ಪರದೆಯ ಹಿಂದೆ ಕೂರಿಸಿ ಚೀಟಿ ಕೊಡಿ. ಚೀಟಿ ಕನ್ನಡದಲ್ಲಿರಲಿ, ಆಸ್ಪತ್ರೆಯವರಿಗಾಗಿ ಮರಾಠಿ ಅಥವಾ ಇಂಗ್ಲಿಷಿನಲ್ಲೂ ಇರಲಿ. ಅದರಲ್ಲಿ ಹಿಮೋಗ್ಲೋಬಿನ್ ಅಂಕಿ, ಬಿ ಮತ್ತು ಸಿ ಫಲಿತಾಂಶ, ಪರೀಕ್ಷಾ ಪಟ್ಟಿಯ ಬ್ಯಾಚ್ ಸಂಖ್ಯೆ, ಮುಂದೆ ಹೋಗಬೇಕಾದ ಕೇಂದ್ರದ ವಿಳಾಸ ಮತ್ತು ವೇಳೆ, ಜತೆಗೆ ಹೋಗಲು ಒಪ್ಪಿದ ಕಾರ್ಯಕರ್ತರ ಫೋನ್ ನಂಬರ್ ಇರಲಿ. ಕೆಳಗೆ ಒಂದು ಸಾಲು: 'ಈ ವರದಿಯನ್ನು ಡಾಕ್ಟರು ನೋಡುವ ತನಕ ಕಬ್ಬಿಣದ ಟಾನಿಕ್ ಅಥವಾ ಮಾತ್ರೆಯನ್ನು ಹೊಸದಾಗಿ ಶುರು ಮಾಡಬೇಡಿ, ಗರ್ಭಿಣಿಯರು ಮತ್ತು ಡಾಕ್ಟರು ಈಗಾಗಲೇ ಬರೆದುಕೊಟ್ಟವರು ನಿಲ್ಲಿಸಬೇಡಿ.' ಈ ಚೀಟಿಯ ಮಾದರಿ ತಯಾರಿಸಲು, ಚುಚ್ಚುವ ಕಾರ್ಯಕರ್ತರಿಗೆ ಅರ್ಧ ದಿನದ ತರಬೇತಿ ಕೊಡಲು ನಾವು ಸಿದ್ಧರಿದ್ದೇವೆ.

ಇಂತು ನಿಮ್ಮ,
ಮುಂಬೈ, ಪುಣೆ ಮತ್ತು ಗೋವಾದಲ್ಲಿ ಕೆಲಸ ಮಾಡುವ ಕೆಲವು ಕನ್ನಡಿಗ ವೈದ್ಯರು, ದಾದಿಯರು ಮತ್ತು ಪ್ರಯೋಗಾಲಯ ತಂತ್ರಜ್ಞರು